ಜಾಡು ಆರಿದ ಮನೆ

ಕುಸುಬಿಗೇರಿಯಷ್ಟು ಸಿಕ್ಕುಸಿಕ್ಕಾದ ಊರು ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಚಂದ್ರನ ಮೇಲೆ ಇದ್ದರೆ ಹೇಳಬರುವುದಿಲ್ಲ. ಅಲ್ಲಿಯ ಓಣಿಗಳನ್ನು ಬಿಡಿಸಿ ಉದ್ದಕ್ಕೆ ಹಾಸಿದರೆ ಸಮುದ್ರ ದಾಟಿದ ಮೇಲೂ ಒಂದಷ್ಟು ಮಿಕ್ಕು, ಆಚೆಯ ದಡದವರು ಮಡಚಿ ಇಡಬೇಕಾಗುತ್ತಿತ್ತು. ಹೊಸದಾಗಿ ಬಂದ ತಹಸೀಲ್ದಾರರೊಬ್ಬರು ತಮ್ಮ ಕಚೇರಿಯನ್ನು ಹುಡುಕುತ್ತಿರುವಾಗಲೇ ಬೇರೆ ತಾಲ್ಲೂಕಿಗೆ ವರ್ಗವಾಗಿ, ಆ ಕಚೇರಿಯ ಮುಖವನ್ನೇ ನೋಡದೆ ಹೊರಟುಹೋದರು. ಮದುವೆಯ ದಿಬ್ಬಣವೊಂದು ಅರಳೆ ಪೇಟೆಯ ಹಿಂದೆ ಹೊಕ್ಕು ಹೊರಬರುವ ಹೊತ್ತಿಗೆ ಮದುಮಗನ ಮೀಸೆ ನೆರೆತಿತ್ತೆಂದು ಹೇಳುವವರಿದ್ದಾರೆ. ಅದು ಸ್ವಲ್ಪ ಅತಿಯಾಯಿತು. ನೆರೆತದ್ದು ಮದುಮಗನದಲ್ಲ, ಬ್ಯಾಂಡಿನವನದು.

ಇಂಥ ಊರಿಗೆ ದಾರಿ ಕಲಿಸಿದವಳು ಡಾಕ್ಟರ್ ನೀಲಾಂಬಿಕಾ ಬಳಿಗೇರ. ಊರ ಹೊರಗಿನ ಗುಡ್ಡದ ಮೇಲಿದ್ದ ಜೀವಪ್ರೇರಿತ ಗಣಕ ಕೇಂದ್ರದಲ್ಲಿ ಆಕೆ ಇರುವೆಗಳ ಬೆನ್ನು ಹತ್ತಿದವಳು. ಇರುವೆಗಳ ಬಗ್ಗೆ ಆಕೆಗೆ ಎಷ್ಟು ಗೊತ್ತಿತ್ತೆಂದರೆ, ತಮ್ಮ ಗೂಡಿನಲ್ಲಿ ಜಗಳವಾದರೆ ಇರುವೆಗಳೇ ಬಂದು ಆಕೆಯ ಮೇಜಿನ ಮುಂದೆ ಸಾಲಾಗಿ ನಿಲ್ಲುತ್ತಿದ್ದವು. ಆಕೆಯ ತಲೆ ಹೊಕ್ಕ ಪ್ರಶ್ನೆ ಒಂದೇ. ಇರುವೆಗೆ ನಕ್ಷೆ ಗೊತ್ತಿಲ್ಲ, ಬೋರ್ಡು ಓದಲು ಬಾರದು, ಕಣ್ಣೂ ಅಷ್ಟಕ್ಕಷ್ಟೆ. ಆದರೂ ಸಕ್ಕರೆ ಡಬ್ಬಿಗೆ ಅತಿ ಹತ್ತಿರದ ದಾರಿಯನ್ನು ಅದು ಹೇಗೋ ಕಂಡುಕೊಳ್ಳುತ್ತದೆ. ಮುಂದೆ ಹೋದದ್ದು ನೆಲಕ್ಕೆ ಒಂದಿಷ್ಟು ವಾಸನೆ ಬಿಟ್ಟು ಹೋಗುತ್ತದೆ, ಹಿಂದಿನದು ಅದನ್ನು ಹಿಡಿದು ಬರುತ್ತದೆ. ಹೆಚ್ಚು ನಡೆದ ದಾರಿಯಲ್ಲಿ ವಾಸನೆ ದಟ್ಟವಾಗುತ್ತದೆ, ನಡೆಯದ ದಾರಿಯಲ್ಲಿ ಆರಿಹೋಗುತ್ತದೆ. ಮನುಷ್ಯರೂ ಹೀಗೆಯೇ ಒಬ್ಬರ ಜಾಡು ಒಬ್ಬರು ಹಿಡಿದು ನಡೆದರೆ?

ಹಾಗೆ ಹುಟ್ಟಿದ್ದು ಇರುವೆಮೆಟ್ಟು. ನೋಡಲು ಸಾದಾ ಚಪ್ಪಲಿ. ಅದರ ಅಟ್ಟೆಯ ತುಂಬ ಕೂದಲಿಗಿಂತ ತೆಳುವಾದ ಎಳೆಗಳು. ಮೆಟ್ಟಿದವರ ಒಂದೊಂದು ಹೆಜ್ಜೆಯೂ ಗುಡ್ಡದ ಮೇಲಿನ ನಿಯಂತ್ರಣ ಕೊಠಡಿಗೆ ಸುದ್ದಿ ಕಳಿಸುತ್ತಿತ್ತು, ಅಲ್ಲಿಯ ದೊಡ್ಡ ಪರದೆಯ ಮೇಲೆ ಆ ಜಾಗ ಒಂದಿಷ್ಟು ಬೆಳಗುತ್ತಿತ್ತು. ಮೊದಲ ನಾಲ್ಕಾರು ಹೆಜ್ಜೆಯ ಭಾರದಲ್ಲೇ ಇವನಿಗೆ ದವಾಖಾನೆಗೆ ಹೋಗಬೇಕೋ ಬೀಗರ ಮನೆಗೋ ಎಂದು ಮೆಟ್ಟಿಗೆ ತಿಳಿಯುತ್ತಿತ್ತು. ಆಮೇಲೆ ಜಾಡು ದಟ್ಟವಿದ್ದ ಕಡೆಗೆ ಅಂಗಾಲಿನ ಅಂಚಿನಲ್ಲಿ ಗರಿ ಮುಟ್ಟಿದಷ್ಟು ಹಿತ. ತೋರಿಸುವ ಬಾಣವಿಲ್ಲ, ಮಾತಾಡುವ ಪೆಟ್ಟಿಗೆಯಿಲ್ಲ. ಒಳ್ಳೆಯ ಯಂತ್ರ ಬಳಸುವವನ ಅರಿವಿಗೇ ಬರಬಾರದು ಎಂಬುದು ನೀಲಾಂಬಿಕಾಳ ಹೆಮ್ಮೆಯ ಸಿದ್ಧಾಂತ. ಅದಕ್ಕೆ ಆಕೆ ತನ್ನದೇ ಒಂದು ಒಗ್ಗರಣೆಯನ್ನೂ ಸೇರಿಸಿದ್ದಳು. ಮನೆಗಳಲ್ಲಿ ಕಾಣುವ ಒಂದು ಸಣ್ಣ ಜಾತಿಯ ಇರುವೆ, ಏನೂ ಸಿಗದ ದಾರಿಯ ಬಾಯಲ್ಲಿ ‘ಈ ಕಡೆ ಬೇಡ’ ಎಂಬ ಬೇರೆಯೇ ವಾಸನೆ ಬಿಡುತ್ತದೆ. ಆಕೆಯ ಮೆಟ್ಟೂ ಅಷ್ಟೆ; ಯಾರೂ ಓಡಾಡದೆ ವಾರ ಕಳೆದ ಜಾಗದಲ್ಲಿ ಜಾಡು ಆರಿ, ಅಲ್ಲಿಗೆ ಅಂಗಾಲಿನಲ್ಲಿ ತಣ್ಣಗೆ ಒಂದು ‘ಬೇಡ’ ಏಳುತ್ತಿತ್ತು.

ಮೆಟ್ಟನ್ನು ಪುಕ್ಕಟೆ ಹಂಚಿದರು. ಒಂದು ವರ್ಷದೊಳಗೆ ಕುಸುಬಿಗೇರಿಯಲ್ಲಿ ದಾರಿ ಕೇಳುವ ಮಾತೇ ಮರೆತುಹೋಯಿತು. ಕುಡುಕರು ನೆಟ್ಟಗೆ ಮನೆ ಸೇರಿದರು; ಅದರಿಂದ ಎಷ್ಟೋ ಮನೆಗಳಲ್ಲಿ ಜಗಳ ಹೆಚ್ಚಾಯಿತೆಂಬುದು ಬೇರೆ ಮಾತು. ಹುಟ್ಟುಕುರುಡರು ಸಂತೆಗೆ ಹೋಗಿ ಕಣ್ಣಿದ್ದವರಿಗಿಂತ ಮೊದಲು ಮರಳಿದರು. ದೇಶದೇಶಗಳಿಂದ ವಿಜ್ಞಾನಿಗಳು ಬಂದು ಓಣಿಗಳಲ್ಲಿ ಸಾಲಾಗಿ, ಒಬ್ಬರನ್ನೊಬ್ಬರು ತಾಗದೆ ನಡೆಯುವ ಜನರನ್ನು ನೋಡಿ ಬಾಯಿ ತೆರೆದರು. ಎಲ್ಲೂ ನೂಕುನುಗ್ಗಲಿಲ್ಲ, ಸದ್ದಿಲ್ಲ. ಹೆಜ್ಜೆಗಳದು ಮಾತ್ರ ಒಂದೇ ಸಮನೆ ಸರಸರ.

ನೀಲಾಂಬಿಕಾಳ ಅತ್ತೆ ಅಂಬಕ್ಕ ಇದನ್ನು ಒಪ್ಪಲಿಲ್ಲ. “ನನ್ನ ಕಾಲು, ನನ್ನ ದಾರಿ. ನಿನ್ನ ಇರುವಿ ನನಗೇನ್ ಹೇಳ್ತದ?” ಎಂದು ಬರಿಗಾಲಲ್ಲೇ ಮಠಕ್ಕೆ ಹೋಗಿ ಬರುತ್ತಿದ್ದ ಆಕೆ ಒಂದು ಮುಂಜಾನೆ ಕಾಫಿ ಕುಡಿದು, ಲೋಟ ಬೋರಲು ಹಾಕಿ, ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಸಾವು ಕೂಡ ಆಕೆಯನ್ನು ಕೇಳಿಯೇ ಬಂದಿರಬೇಕು, ಅಷ್ಟು ಅಚ್ಚುಕಟ್ಟು.

ನೀಲಾಂಬಿಕಾಳದು ಲಿಂಗಾಯತ ಮನೆತನ; ಗಂಡ ವಾದಿರಾಜನದು ಮಾಧ್ವರ ಮನೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ವಾದಿರಾಜ ಮೆದು ಮನುಷ್ಯ, ಆದರೆ ತಾಯಿಯ ವಿಷಯದಲ್ಲಿ ಶಾಸ್ತ್ರ ಬಿಡಲೊಲ್ಲ. ತವರಿನಲ್ಲಿ ಸೂತಕವೆಂಬುದನ್ನೇ ಕಾಣದ ನೀಲಾಂಬಿಕಾಳಿಗೆ ಅದು ಹೇಗಿರುತ್ತದೆಂದೇ ಗೊತ್ತಿರಲಿಲ್ಲ. ಅವಳ ಅಜ್ಜ ತೀರಿದಾಗ ಮಣ್ಣು ಮಾಡಿ ಬಂದು ಮರುದಿನವೇ ಅಂಗಡಿ ತೆರೆದಿದ್ದರು.

“ಸೂತಕ ಕಳೀಯೋತನಕ ಮನಿಗೆ ಯಾರೂ ಬರೂದಿಲ್ಲ, ನಾವೂ ಯಾರ ಮನಿಗೂ ಹೋಗೂದಿಲ್ಲ,” ಎಂದ ವಾದಿರಾಜ. ಅವನು ಆಗಲೇ ತಲೆ ಬೋಳಿಸಿಕೊಂಡಿದ್ದರಿಂದ ಕಿವಿಗಳು ದೊಡ್ಡವಾಗಿ ಕಾಣುತ್ತಿದ್ದವು. “ಕಾಲಾಗ ಚಪ್ಪಲಿನೂ ಇಲ್ಲ.”

“ನನಗ ದಿನಾ ಗುಡ್ಡಕ್ಕ ಹೋಗಬೇಕಲ್ಲಾ. ಮಂತ್ರಿಗಳ ಮುಂದ ಪ್ರದರ್ಶನ ಐತಿ.”

“ಅದಕ್ಕ ಹೇಳ್ತೀನಿ. ನೀ ಹಿಡೀಬ್ಯಾಡ, ನಿನಗ ಯಾರೂ ಏನೂ ಅನ್ನೂದಿಲ್ಲ. ಆದರ ಅರ್ಧ ಹಿಡದು ಅರ್ಧ ಬಿಡಬ್ಯಾಡ ಮಾರಾಯ್ತಿ. ಅಲ್ಲೇ ಕೇಂದ್ರದ ಅತಿಥಿಗೃಹದಾಗ ಇದ್ದುಬಿಡು. ಹದಿಮೂರನೇ ದಿನ ಸಮಾರಾಧನಿಗೆ ಬಾ, ಕೂಡಿ ಊಟಾ ಮಾಡೋಣು.”

“ತುಂಗಾ?”

“ತುಂಗಾ ನನ್ನ ಹಂತೇಕ ಇರ್ತಾಳ.”

ಐದು ವರ್ಷದ ತುಂಗಾ ಅಜ್ಜಿ ಎಲ್ಲಿಗೆ ಹೋದಳೆಂದು ಎಲ್ಲರನ್ನೂ ಕೇಳುತ್ತಿದ್ದಳು. ನೀಲಾಂಬಿಕಾ ಮಗಳ ನೆತ್ತಿ ಮೂಸಿ, ಒಂದು ಚೀಲ ಹೆಗಲಿಗೇರಿಸಿ ಹೊರಟಳು. ಅವರ ಮನೆ ಇದ್ದದ್ದು ಸಿಹಿನೀರಿನ ಬಾವಿಯ ಹಿಂದಿನ ಸಂದಿಯಲ್ಲಿ. ಸಂದಿಗೆ ಒಂದೇ ಬಾಯಿ, ಕೊನೆಗೆ ಒಂದೇ ಮನೆ. ಅಲ್ಲಿ ಓಡಾಡುವ ಕಾಲುಗಳೆಂದರೆ ಈ ಮನೆಯವು, ಈ ಮನೆಗೆ ಬರುವವರವು. ಮೂರನೆಯವರ ಕಾಲಿಗೆ ಅಲ್ಲಿ ಕೆಲಸವಿರಲಿಲ್ಲ.

ಸಮಾರಾಧನೆಯ ದಿನ ಮಧ್ಯಾಹ್ನ ನೀಲಾಂಬಿಕಾ ಹೊಸ ಸೀರೆ ಉಟ್ಟು ನಿಯಂತ್ರಣ ಕೊಠಡಿಯಲ್ಲಿ ಕೊನೆಯ ಕೆಲಸ ಮುಗಿಸುತ್ತಿದ್ದಾಗ ವಾದಿರಾಜನ ಫೋನು ಬಂತು.

“ನೀಲಾ, ನೀ ಯಾವಾಗ ಬರ್ತಿ?”

“ಇದೇ ಹೊಂಟೆ. ಮಂದಿ ಕೂತರೇನು?”

“ಮಂದಿನ ಬಂದಿಲ್ಲ. ನೂರಿಪ್ಪತ್ತು ಎಲಿ ಹೇಳೇವಿ, ಒಬ್ಬರೂ ಬಂದಿಲ್ಲ. ಅಡಗಿ ಭಟ್ಟರು ಪಾಪ, ನಸುಕಿನ್ಯಾಗ ಸ್ಟೇಷನ್ನಿನಿಂದ ಬರಿಗಾಲಲೇ ಬಂದು ಕಡ್ಲಿಬ್ಯಾಳಿ ಹಯಗ್ರೀವ ತಿರುವಿ ಇಟ್ಟು, ಬಾಳಿ ಎಲಿ ಕಡಿಮಿ ಬಿದ್ದಾವಂತ ನನ್ನ ಮೆಟ್ಟು ಕೈಯಾಗ ಹಿಡದು, ಸಂದಿ ದಾಟಿದ ಮ್ಯಾಲ ಮೆಟಗೋತೀನಂತ ಹೋದರು. ಅವರೂ ತಿರಗಿ ಬಂದಿಲ್ಲ.”

ಕೊಠಡಿಯ ಮೇಲ್ವಿಚಾರಕ ದಸ್ತಗೀರ್ ಕಿಲ್ಲೇದಾರ ಪಕ್ಕದಲ್ಲೇ ಕೂತಿದ್ದ. ಪರದೆಯ ಮೇಲೆ ಊರಿನ ಒಂದೊಂದು ಕಾಲನ್ನೂ ಹೆಸರು ಹಿಡಿದು ಹುಡುಕಬಲ್ಲವನು. ನಗೆಚಾಟಿಕೆಯವನು, ಅವನ ನಗೆಗೆ ಗುಡ್ಡದ ಕಲ್ಲುಗಳು ಉರುಳಿ ಕೆಳಗಿನ ಹೊಲದವರು ಅರ್ಜಿ ಕೊಟ್ಟಿದ್ದರು.

“ನಿಮ್ಮ ಬೀಗರನ್ನ ತೋರಸ್ಲೇನು ನೀಲಕ್ಕಾ?” ಎಂದು ಅವನು ಗುಂಡಿ ಒತ್ತಿದ. “ನೋಡ್ರಿ, ಎಲ್ಲಾರೂ ಮನಿ ಬಿಟ್ಟಾರ. ನಿಮ್ಮ ಬಾವಿತನಕ ಬಂದಾರ. ಆಮ್ಯಾಲ…”

ಆಮೇಲೆ ಪ್ರತಿಯೊಂದು ಚುಕ್ಕಿಯೂ ಬಾವಿಯ ಬಳಿ ಸ್ವಲ್ಪ ತಡೆದು, ನೀರಿನ ಹನಿ ಎಣ್ಣೆಯಿಂದ ಜಾರುವ ಹಾಗೆ ಪಕ್ಕಕ್ಕೆ ಜಾರಿತ್ತು. ನೂರಿಪ್ಪತ್ತು ಚುಕ್ಕಿಗಳೂ ಪೇಠೆಯ ಮಿಠಾಯಿ ಅಂಗಡಿಯ ಮುಂದೆ ಗುಂಪಾಗಿ ನಿಂತಿದ್ದವು. ದಸ್ತಗೀರ್ ಅವರಲ್ಲೊಬ್ಬರಿಗೆ, ವಾದಿರಾಜನ ಸೋದರಮಾವ ರಾಘಪ್ಪನಿಗೆ, ಫೋನು ಹಚ್ಚಿ ಕೊಟ್ಟ.

“ಮಾವಾ, ಎಲ್ಲಿದ್ದೀರಿ?” ಎಂದಳು ನೀಲಾಂಬಿಕಾ.

“ಫೇಡೆ ತಗೊಳ್ಳಿಕ್ಕೆ ಬಂದೀನಿ ನೋಡವಾ.”

“ಸಮಾರಾಧನಿ?”

“ಯಾರದು?” ಎಂದರು ರಾಘಪ್ಪ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

ಕಾಲು ಎಲ್ಲಿ ನಿಲ್ಲುತ್ತಿತ್ತೋ, ಮನಸ್ಸು ಅಲ್ಲಿಗೇ ಒಂದು ಕಾರಣ ಹೊಂದಿಸಿಕೊಳ್ಳುತ್ತಿತ್ತು. ಬಂದದ್ದೇ ಫೇಡೆಗೆ, ಹೊರಟದ್ದೇ ಫೇಡೆಗೆ. ಸತ್ತ ತಂಗಿಯ ನೆನಪು ಬಾವಿಯ ಕಟ್ಟೆಯ ಮೇಲೆ ಉಳಿದುಬಿಟ್ಟಿತ್ತು.

ನೀಲಾಂಬಿಕಾ ಪರದೆಯ ಹತ್ತಿರ ಹೋದಳು. ಜೇನುಗೂಡಿನ ಹಾಗೆ ಬೆಳಗುವ ಊರಿನ ನಡುವೆ ತನ್ನ ಮನೆಯಿದ್ದಲ್ಲಿ ಉಗುರಿನಷ್ಟು ಕಪ್ಪು. ಅಂಥ ಕಪ್ಪುಗಳು ಬೇರೆಯೂ ಇದ್ದವು, ಅಲ್ಲೊಂದು ಇಲ್ಲೊಂದು. ಆಕೆ ಅವನ್ನು ದಿನಾ ನೋಡುತ್ತಿದ್ದಳು. ಬೇಡದ ಸಂದಿಗಳು ತಾವಾಗಿಯೇ ಕಳಚಿ ಊರು ನಯವಾಗುತ್ತಿದೆ ಎಂದು ಅವುಗಳ ಮೇಲೆ ಭಾಷಣ ಮಾಡಿ ಪದಕವನ್ನೂ ತಂದಿದ್ದಳು; ತಟ್ಟೆಯಷ್ಟು ದೊಡ್ಡ ಪದಕ, ಕೊರಳಿಗೆ ಹಾಕಿದವರು ಬೆನ್ನು ನೋವಿಗೆ ಮಲಾಮು ಹಚ್ಚಿಕೊಳ್ಳಬೇಕಾಗಿತ್ತು.

“ದಸ್ತಗೀರ್, ಇದು ಯಾರ ಮನಿ?” ಎಂದು ಒಂದು ಕಪ್ಪಿನ ಮೇಲೆ ಬೆರಳಿಟ್ಟಳು.

“ಪತ್ತಾರ ಮಾನಪ್ಪಂದು. ಹ್ವಾದ ಬ್ಯಾಸಿಗ್ಯಾಗ ತೀರಿಕೊಂಡ.”

“ಇದು?”

“ಜೋಶಿ ಟೇಲರ್. ಅವನ ಹೆಂಡ್ತಿ…” ದಸ್ತಗೀರನ ನಗೆ ಎಲ್ಲಿಯೋ ಇಳಿದುಹೋಗಿತ್ತು. “ನೀಲಕ್ಕಾ, ಇವೆಲ್ಲಾ ಹೆಣ ಎದ್ದ ಮನಿಗೋಳು.”

ಸೂತಕವೆಂದು ಹೊರಗಿನವರು ಬರುವುದಿಲ್ಲ. ಒಳಗಿನವರು ಹೊರಡುವುದಿಲ್ಲ, ಹೊರಟರೂ ಚಪ್ಪಲಿ ಮೆಟ್ಟುವುದಿಲ್ಲ. ಸೂತಕ ಕಳೆಯುವ ಮೊದಲೇ ಜಾಡು ಆರುತ್ತದೆ. ಊರಿನ ಮದುವೆ, ಸಂತೆ, ಶಾಲೆಯ ರಜೆ, ಎಲ್ಲವನ್ನೂ ಲೆಕ್ಕಕ್ಕೆ ಹಿಡಿದ ನೀಲಾಂಬಿಕಾಳ ತಲೆಗೆ ಇದೊಂದು ಬಂದಿರಲಿಲ್ಲ. ಬರುವುದಕ್ಕೆ ಅದು ಅವಳ ತವರಿನ ಅಂಗಳ ತುಳಿದದ್ದೇ ಇಲ್ಲ.

“ಆ ಮನಿಯವರು ಯಾರೂ ತಕರಾರು ಹೇಳಲಿಲ್ಲೇನು?”

“ಹೇಳಿದ್ರು. ಯಾರೂ ಬರವಲ್ರು ಅಂತ ಫೋನ್ ಮಾಡತಿದ್ರು. ನಾವು ಮಂದಿ ಕಳಸ್ತಿದ್ವಿ. ಹ್ವಾದವರು ತಿರಗಿ ಬಂದು, ಎಲ್ಲಾ ಬರೋಬ್ಬರಿ ಐತ್ರಿ, ಛಾ ಕುಡದು ಬಂದ್ವಿ ಅಂತಿದ್ರು. ಆಮ್ಯಾಲ ಫೋನ್ ಬರೂದೂ ನಿಂತಿತು.”

ನೀಲಾಂಬಿಕಾ ಗುಡ್ಡ ಇಳಿದು ಓಡಿದಳು. ಆಕೆ ಓಡಿದ ವೇಗಕ್ಕೆ ನೆರಳು ಹಿಂದೆ ಬಿದ್ದು ಅರ್ಧ ದಾರಿಯಲ್ಲಿ ಕೂತು ದಣಿವಾರಿಸಿಕೊಂಡಿತು. ಬಾವಿ ಕಂಡಿತು. ಅದರ ಹಿಂದಿನ ಸಂದಿಯೂ ಕಂಡಿತು. ಇನ್ನೇನು ತಿರುಗಬೇಕು, ಆಗ ಅಂಗಾಲಿನಲ್ಲಿ ತಣ್ಣಗೆ ಏನೋ ಆಯಿತು. ನೋವಲ್ಲ, ಹೆದರಿಕೆಯೂ ಅಲ್ಲ. ಒದ್ದೆ ನೆಲದ ಮೇಲೆ ಕಾಲಿಡುವಾಗ ಆಗುವ ಸಣ್ಣ ಹಿಂಜರಿಕೆ ಅಷ್ಟೆ.

ಆಮೇಲೆ ಆಕೆ ಬಟ್ಟೆ ಅಂಗಡಿಯಲ್ಲಿದ್ದಳು. ಕೈಯಲ್ಲಿ ಮಗುವಿನ ಫ್ರಾಕು. “ಐದು ವರ್ಷದ ಹುಡುಗಿಗೆ ಇದು ಬರತೈತೇನ್ರಿ?” ಎಂದು ತಾನೇ ಕೇಳುತ್ತಿರುವುದು ತನಗೆ ಕೇಳಿಸಿತು. ಹುಡುಗಿ ಎಂದದ್ದಕ್ಕೆ ತುಂಗಾ ನೆನಪಾದಳು, ತುಂಗಾಳಿಂದ ಮನೆ. ಫ್ರಾಕನ್ನು ಎಸೆದು ಹೊರಗೆ ಓಡಿದಳು.

ಎರಡನೆಯ ಸಲ ಮೆಟ್ಟು ಕಳಚಿ ಬಾವಿಗೆ ಎಸೆದು ಬರಿಗಾಲಲ್ಲಿ ಹೊರಟಳು. ಈ ಸಲ ಅಂಚೆ ಕಚೇರಿಯ ಸಾಲಿನಲ್ಲಿ ಎಚ್ಚರವಾಯಿತು. ಅಟ್ಟೆ ಇಲ್ಲದಿದ್ದರೂ ಪಾದ ತಿರುಗಿತ್ತು. ವರ್ಷದ ಪಾಠವನ್ನು ಅದು ಬಾಯಿಪಾಠ ಮಾಡಿಕೊಂಡಿತ್ತು. ಮೂರನೆಯ ಸಲ ಆಟೋ ಹತ್ತಿದಳು. ಆಟೋದವನ ಕಾಲೂ ಕಾಲೇ ತಾನೆ. ಬಾವಿ ಬಂದ ಕೂಡಲೇ ಅವನ ಪಾದ ಬ್ರೇಕಿನ ಮೇಲಿಂದ ಎದ್ದಿತು, ಗಾಡಿ ಸೊಯ್ಯನೆ ಮುಂದೆ ಹೋಯಿತು. “ಸ್ಟೇಷನ್ನಿಗೆ ಅಂದ್ರಲ್ಲಾ ಅಕ್ಕಾರ?” ಎಂದು ಅವನು ಕನ್ನಡಿಯಲ್ಲಿ ನಕ್ಕ.

ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಗಂಡನಿಗೆ ಫೋನು ಮಾಡಿದಳು.

“ವಾದಿ, ನೀನs ತುಂಗಾನ್ನ ಕರಕೊಂಡು ಸಂದಿ ಬಾಯಿಗೆ ಬಾ. ನಾ ಅಲ್ಲಿ ನಿಂದರ್ತೀನಿ.”

ಅವನು ಏದುಸಿರು ಬಿಡುತ್ತಿದ್ದ. “ಹೊರಗ ಬರ್ಲಿಕ್ಕೇ ಹೊಂಟಿದ್ದೆ ನೀಲಾ. ಮಂದಿ ಯಾಕ ಬರವಲ್ಲರು ನೋಡೋಣು ಅಂತ ಅಟ್ಟದ ಮ್ಯಾಲಿನ ಹಳೇ ಮೆಟ್ಟು ಹಾಕ್ಕೊಂಡೆ. ತುಂಗಾಗೂ ಆಕಿ ಮೆಟ್ಟು ಹಾಕಿದೆ. ಅಂಗಳದಾಗ ಇಳದ್ವಿ. ಆವಾಗಿಂದ ತುಳಸಿಕಟ್ಟಿ ಸುತ್ತಾ ತಿರಗಲಿಕ್ಕೆ ಹತ್ತೇವಿ.”

“ತಿರಗಲಿಕ್ಕೆ ಅಂದ್ರ?”

“ಕಾಲು ನಿಲ್ಲವಲ್ಲವು. ಮೆಟ್ಟು ತಗದು ಒಗದ್ವಿ, ಆದರೂ ನಿಲ್ಲವಲ್ಲವು. ಕೂತರ ಎಬ್ಬಸ್ತಾವ. ತುಂಗಾನ್ನ ಹೆಗಲ ಮ್ಯಾಲ ಹೊತಗೊಂಡಿದ್ದೆ, ಇನ್ನ ಆಗೂದಿಲ್ಲಂತ ಇಳಿಸೀನಿ. ನನ್ನ ಹಿಂದs ಬರ್ಲಿಕ್ಕೆ ಹತ್ತ್ಯಾಳ.”

ಫೋನಿನಲ್ಲಿ ಹೆಜ್ಜೆಗಳ ಸದ್ದು. ದೊಡ್ಡವೆರಡು, ಸಣ್ಣವೆರಡು.

ನೀಲಾಂಬಿಕಾಳಿಗೆ ತಿಳಿಯಿತು. ಸುತ್ತೆಲ್ಲ ‘ಬೇಡ’ ಇದ್ದಾಗ ಇರುವೆ ಹೋಗುವುದು ತಾನೇ ಈಗಷ್ಟೆ ಬಿಟ್ಟ ಜಾಡಿನ ಮೇಲೆ. ಒಂದು ಸುತ್ತು ಹಾಕಿದರೆ ಜಾಡು ದಟ್ಟ, ಎರಡು ಹಾಕಿದರೆ ಇನ್ನೂ ದಟ್ಟ. ಕಾಡಿನಲ್ಲಿ ಇರುವೆಗಳ ದಂಡು ಹೀಗೆ ಒಂದರ ಬೆನ್ನಿಗೆ ಒಂದು ಹತ್ತಿ, ಉಸಿರು ನಿಲ್ಲುವವರೆಗೆ ವರ್ತುಲ ಸುತ್ತುವುದನ್ನು ಆಕೆ ಪುಸ್ತಕದಲ್ಲಿ ಓದಿದ್ದಳು, ಶಾಲೆಯ ಮಕ್ಕಳಿಗೆ ಚಿತ್ರ ಬಿಡಿಸಿ ತೋರಿಸಿದ್ದಳು.

“ವಾದಿ, ಫೋನ್ ಇಡಬ್ಯಾಡ.”

“ಇಡೂದಿಲ್ಲ. ಬ್ಯಾಟರಿ ಮುಗೀಲಿಕ್ಕೆ ಬಂದದ. ತುಂಗಾ, ಅಮ್ಮನ ಕೂಡ ಮಾತಾಡು.”

“ಅಮ್ಮಾ, ನನ್ನ ಕಾಲು ಮಾತು ಕೇಳವಲ್ಲವು,” ಎಂದಿತು ಸಣ್ಣ ದನಿ. ಅಷ್ಟರಲ್ಲಿ ಆ ಕಡೆಯ ಫೋನು ಸತ್ತಿತು.

ಆಕೆ ದಸ್ತಗೀರನಿಗೆ ಫೋನಿನಲ್ಲಿ ಹೇಳಿ ಯಂತ್ರವನ್ನೇ ನಿಲ್ಲಿಸಿದಳು. ಅಷ್ಟು ದೊಡ್ಡ ಪರದೆ ಒಂದೇ ಏಟಿಗೆ ಕಪ್ಪಾಯಿತು. ಅದರ ಬಿಸಿಗೆ ಒಣಗುತ್ತಿದ್ದ ಸಿಬ್ಬಂದಿಯ ಅಂಗಿಗಳು ಮುಂದೆ ಮೂರು ಮಳೆಗಾಲ ಒಣಗಲಿಲ್ಲ. ಪೇಠೆಯಲ್ಲಿ ಮಾತ್ರ ಏನೂ ಆಗಲಿಲ್ಲ. ಜನ ಅದೇ ಸಾಲಿನಲ್ಲಿ, ಅದೇ ಅಂತರದಲ್ಲಿ, ಸರಸರ ನಡೆಯುತ್ತಲೇ ಇದ್ದರು. ಯಂತ್ರ ನಿಂತದ್ದು ಒಬ್ಬ ಮನುಷ್ಯನಿಗೂ ಗೊತ್ತಾಗಲಿಲ್ಲ. ಅರಿವಿಗೆ ಬರಬಾರದು ಎಂದು ಆಕೆಯೇ ಮಾಡಿದ್ದಲ್ಲವೇ.

ದಸ್ತಗೀರ್ ಮೋಟಾರು ಬೈಕಿನಲ್ಲಿ ಸ್ಟೇಷನ್ನಿಗೆ ಬಂದ. ಇಬ್ಬರೂ ಬಾವಿಯಿಂದ ಸ್ವಲ್ಪ ಈಚೆ, ಕಾಲುಗಳಿಗೆ ಇನ್ನೂ ಗುಮಾನಿ ಬಾರದ ಜಾಗದಲ್ಲಿ ನಿಂತರು. ಹೊತ್ತು ಇಳಿಯುತ್ತಿತ್ತು.

“ನಾ ನಿಮ್ಮನ್ನ ಎತಗೊಂಡು ಹೋಗ್ಲೇನು?” ಎಂದ ದಸ್ತಗೀರ್.

“ನಿನ್ನ ಕಾಲು ಹೋಗಬೇಕಲ್ಲೋ.”

“ಹಗ್ಗಾ ಕಟ್ಟಿ ಎಳದ್ರ?”

“ಒಳಗ ನಿಂತು ಎಳಿಯಾವ್ರು ಯಾರು?”

“ಹಂಗಾರ ಕಾಲs ಇಲ್ಲದವರು ಬೇಕು,” ಎಂದು ದಸ್ತಗೀರ್ ಬೇಸತ್ತು ನೆಲಕ್ಕೆ ಕುಕ್ಕರಿಸಿದ. “ಹೊಟ್ಟಿ ಮ್ಯಾಲ ಹರಿಯೋ ಹಾವಿಗೆ ಒಂದs ಆ ಮನಿ ಸಿಗೂದು.”

ನೀಲಾಂಬಿಕಾ ಅವನನ್ನು ನೋಡಿದಳು. ಅವಳ ತಾಯಿ ಹಿಂದೆ ಮಗಳ ಜ್ವರ ಇಳಿದರೆ ಮಠದ ಸುತ್ತ ಉರುಳುಸೇವೆ ಮಾಡುತ್ತೇನೆಂದು ಹರಕೆ ಹೊತ್ತು, ಒದ್ದೆ ಸೀರೆಯಲ್ಲಿ ಕೈಜೋಡಿಸಿ ನೆಲದ ಮೇಲೆ ಉರುಳಿದ್ದಳು. ಆಗ ಅವಳ ಕಾಲುಗಳು ದೇಹದ ಹಿಂದೆ ಸುಮ್ಮನೆ, ಯಾರದೋ ಸಾಮಾನಿನ ಹಾಗೆ, ಹೊರಳುತ್ತಿದ್ದವು. ಅಂಗಾಲು ನೆಲವನ್ನೇ ಮುಟ್ಟುತ್ತಿರಲಿಲ್ಲ.

“ನಿನ್ನ ವಲ್ಲಿ ಕೊಡು,” ಎಂದಳು.

“ಯಾತಕ್ಕ?”

“ನನ್ನ ಕಾಲು ಎರಡೂ ಕೂಡಿಸಿ ಬಿಗಿ. ಬಿಚ್ಚಬಾರದು, ಹಂಗ.”

ದಸ್ತಗೀರ್ ಮಂಡಿಯೂರಿ ಆಕೆಯ ಪಾದಗಳನ್ನು ಹೆಗಲವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದ. “ಅಕ್ಕಾ, ನೀವು ಮುಟ್ಟಿದ್ರ ಒಂದು ಸದ್ದು ಹೊಡೀರಿ. ನಾ ಉಳಿದ ಮನಿಗೋಳಿಗೆ ಮಂದೀನ್ನ ಹಿಂಗs ಮಲಗಿಸಿ ಉಳ್ಳಸ್ತೀನಿ.”

ಆಕೆ ಹೊಸ ಸೀರೆಯಲ್ಲೇ ನೆಲಕ್ಕೆ ಒರಗಿ, ಕೈ ತಲೆಯ ಮೇಲೆ ಜೋಡಿಸಿ ಉರುಳಿದಳು. ಮೊದಲ ಉರುಳಿಗೆ ಆಕಾಶ, ಎರಡನೆಯದಕ್ಕೆ ಮಣ್ಣು. ಬಾವಿಯ ಕಟ್ಟೆ ದಾಟುವಾಗ ಕಟ್ಟಿದ ಕಾಲುಗಳು ವಲ್ಲಿಯೊಳಗೆ ಎಚ್ಚತ್ತವು. ಬಲೆಗೆ ಬಿದ್ದ ಮೀನಿನ ಹಾಗೆ ಹೊಡೆದುಕೊಂಡವು, ಆಕೆಯ ಸೊಂಟವನ್ನೇ ತಿರುಚಿ ಹಿಂದಕ್ಕೆ ಎಳೆದವು. ಆಕೆ ಮೊಣಕೈ ಊರಿ ಮುಂದಕ್ಕೆ ಉರುಳಿದಳು. ಪೇಠೆಯ ಜನ ಪಕ್ಕದಲ್ಲೇ ಹೋಗುತ್ತಿದ್ದರು. ಒಬ್ಬರೂ ತಿರುಗಿ ನೋಡಲಿಲ್ಲ, ಅವರ ಕಾಲು ಬಾರದ ಕಡೆಗೆ ಅವರ ಕಣ್ಣೂ ಬರುತ್ತಿರಲಿಲ್ಲ. ಸಂದಿಯೊಳಗೆ ಜನರ ಓಡಾಟ ನಿಂತು ಕೆಲವು ದಿನಗಳಷ್ಟೇ ಆಗಿದ್ದರೂ ಹುಲ್ಲು ಎಷ್ಟು ಬೆಳೆದಿತ್ತೆಂದರೆ ಆನೆ ಹೊಕ್ಕರೆ ಬಾಲ ಕಾಣುತ್ತಿರಲಿಲ್ಲ. ಹುಲ್ಲಿನ ನಡುವೆ ಸಾಲಾಗಿ ನಿಜವಾದ ಇರುವೆಗಳು ಹಯಗ್ರೀವದ ಬೇಳೆ ಹೊತ್ತು ಬರುತ್ತಿದ್ದವು. ಅವುಗಳಿಗೆ ಆ ಮನೆ ಕಳೆದೇ ಇರಲಿಲ್ಲ.

ಸೀರೆ ಹರಿಯಿತು, ಭುಜದ ಚರ್ಮ ಕಿತ್ತಿತು. ಬಾಗಿಲ ಮೆಟ್ಟಿಲಿಗೆ ತಲೆ ತಾಗಿದಾಗ ಆಕೆ ಕೂಗಿದಳು. ದೂರದಲ್ಲಿ ದಸ್ತಗೀರನ ಸೀಟಿ ಕೇಳಿಸಿತು. ಮೊಣಕೈಗಳ ಮೇಲೆ ಎಳೆದುಕೊಂಡು ಹೊಸಿಲು ದಾಟಿದಳು.

ಅಂಗಳದ ತುಂಬ ಎಲೆಗಳು ಹಾಸಿದ್ದವು. ಮೂಲೆಯಲ್ಲಿ ನೂರಿಪ್ಪತ್ತು ಜನರ ಅಡುಗೆ ತಣ್ಣಗಾಗಿ ಕೂತಿತ್ತು. ನಡುವೆ ತುಳಸಿಕಟ್ಟೆಯ ಸುತ್ತ ವಾದಿರಾಜ ನಡೆಯುತ್ತಿದ್ದ. ಅವನ ತಲೆ ಎದೆಗೆ ಬಿದ್ದಿತ್ತು, ಕಣ್ಣು ಮುಚ್ಚಿತ್ತು. ಕಾಲುಗಳು ಮಾತ್ರ ಲವಲವಿಕೆಯಿಂದ ಹೋಗುತ್ತಿದ್ದವು. ಅವನ ಬೆನ್ನಿಗೆ ನಾಲ್ಕು ಮಾರು ಹಿಂದೆ ತುಂಗಾ. ನೆಲದಲ್ಲಿ ಅವರ ಹೆಜ್ಜೆ ಸವೆಸಿದ ವರ್ತುಲ ತೊಟ್ಟಿಲಷ್ಟು ಆಳ ಬಿದ್ದಿತ್ತು.

“ತುಂಗಾ,” ಎಂದಳು ನೀಲಾಂಬಿಕಾ.

ಮಗು ನೋಡಿತು. ಎರಡೂ ಕೈ ತಾಯಿಯ ಕಡೆಗೆ ಚಾಚಿತು. ಚಾಚಿಕೊಂಡೇ ಮುಂದೆ ನಡೆದುಹೋಯಿತು, ಕಟ್ಟೆಯ ಆಚೆಗೆ ಮರೆಯಾಯಿತು. ಮತ್ತೆ ಈ ಕಡೆ ಬಂದಾಗಲೂ ಕೈ ಚಾಚಿಯೇ ಇತ್ತು, ಕತ್ತು ತಾಯಿಯ ಕಡೆಗೆ ತಿರುಗಿಯೇ ಇತ್ತು. ಕಾಲುಗಳು ಅದನ್ನು ಹೊತ್ತುಕೊಂಡು ಮತ್ತೆ ದಾಟಿಸಿದವು.

ಕರೆದರೆ ಬರಲಾರರು. ಹಿಡಿಯಲು ಹೋದರೆ ತನ್ನ ಕಾಲನ್ನು ಬಿಚ್ಚಬೇಕು. ಬಿಚ್ಚಿದರೆ ಅವು ಮೂರನೆಯ ಜೋಡಿಯಾಗಿ ಅದೇ ಸುತ್ತಿಗೆ ಸೇರುತ್ತವೆ. ನೀಲಾಂಬಿಕಾ ಎಲೆಗಳ ಮೇಲೆ ಉರುಳುತ್ತ ಹೋಗಿ ಆ ವರ್ತುಲಕ್ಕೆ ಅಡ್ಡಲಾಗಿ ಮಲಗಿದಳು. ಕಣ್ಣು ಮುಚ್ಚಿ ಕಾದಳು.

ಮೊದಲು ವಾದಿರಾಜ ಬಂದು ಎಡವಿ, ಬೇರು ಕಿತ್ತ ಮರದ ಹಾಗೆ ಆಕೆಯ ಆಚೆ ಬಿದ್ದ. ಬಿದ್ದವನು ಬಿದ್ದಲ್ಲೇ ನಿದ್ದೆ ಹೋದ. ಆಮೇಲೆ ಹಗುರಾದ ಸಣ್ಣ ಹೆಜ್ಜೆಗಳು ಹತ್ತಿರವಾದವು, ಆಕೆಯ ಪಕ್ಕೆಗೆ ತಾಗಿದವು, ಎದೆಯ ಮೇಲೆ ಬೆಚ್ಚಗಿನ ಭಾರವೊಂದು ಬಿತ್ತು. ನೀಲಾಂಬಿಕಾ ಎರಡೂ ಕೈಯಿಂದ ಅದನ್ನು ತಬ್ಬಿದಳು. ಮಗುವಿನ ಕೂದಲಲ್ಲಿ ಬೆವರು, ಧೂಳು, ತುಪ್ಪದ ವಾಸನೆ ಇತ್ತು. ಆಕೆ ಬಹಳ ಹೊತ್ತು ಅದನ್ನೇ ಮೂಸಿದಳು.

ಕಾಲುಗಳು ಇನ್ನೂ ನಡೆಯುತ್ತಿದ್ದವು. ತಾಯಿಯ ಹೊಟ್ಟೆಯ ಮೇಲೆ, ಗಾಳಿಯಲ್ಲಿ, ಎಡ ಬಲ, ಎಡ ಬಲ. ಆಕೆ ಎದ್ದು ಕೂತು ಮಗಳನ್ನು ತೊಡೆಗೆ ಎಳೆದುಕೊಂಡು ಆ ಪುಟ್ಟ ಪಾದಗಳನ್ನು ಅಂಗೈಯಲ್ಲಿ ಹಿಡಿದಳು. ಅವು ಅಂಗೈಯನ್ನೇ ನೆಲವೆಂದುಕೊಂಡು ತುಳಿದವು.

“ಅಮ್ಮಾ,” ಎಂದಳು ತುಂಗಾ, ನಿದ್ದೆಯ ದನಿಯಲ್ಲಿ. “ನಾವೀಗ ಎಲ್ಲಿಗೆ ಹೊಂಟೀವಿ?”

“ಎಲ್ಲಿಗೂ ಇಲ್ಲ ಚಿನ್ನಿ. ಮನ್ಯಾಗ ಅದೀವಿ.”

ಮಗು ತನ್ನ ಕಾಲುಗಳನ್ನು ಸ್ವಲ್ಪ ಹೊತ್ತು ನೋಡಿತು.

“ಅವಕ್ಕ ಹೇಳು,” ಎಂದಿತು.

ನೀಲಾಂಬಿಕಾ ಬಾಗಿ, ಅಂಗಾಲುಗಳ ಹತ್ತಿರ ಬಾಯಿಟ್ಟು, ಹೇಳತೊಡಗಿದಳು.